ಹಿತ್ತಲಿಗೊಂದು ನೆರಳುಮನೆ

ಹಸಿರುಮನೆ ಎಂದೊಡನೆ ಅನೇಕರ ಕಣ್ಣಮುಂದೆ ನಿಲ್ಲುವುದು ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆ. ಗಾಜಿನ ಮನೆಯ ಕಲ್ಪನೆ ಮೂಲತಃ ಚಳಿದೇಶಗಳದು. ಬಿಸಿಲಿನ ಶಾಖವನ್ನು ಒಳಗೆ ಹಿಡಿದಿಡುವುದೇ ಅದರ ಉದ್ದೇಶ. ಬೇಸಿಗೆಯಲ್ಲಿ 40 ಡಿಗ್ರಿ ಮುಟ್ಟುವ ನಮ್ಮ ಬಯಲುಸೀಮೆಯ ಹಿತ್ತಲಿನಲ್ಲಿ ಗಾಜನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಹೊದಿಸಿದರೆ ಸಸಿಗಳು ಬೆಂದುಹೋಗುತ್ತವೆ. ನಮಗೆ ಬೇಕಾದುದು ನೆರಳುಮನೆ. ಇದೇನೂ ಹೊಸ ವಿದ್ಯೆಯಲ್ಲ. ಎಲೆಬಳ್ಳಿಯ ತೋಟದವರು ಚೊಗಚೆ, ನುಗ್ಗೆಯ ನೆರಳಿನಲ್ಲಿಯೇ ಬಳ್ಳಿಯನ್ನು ಸಾಕುತ್ತ ಬಂದಿದ್ದಾರೆ.

ಹತ್ತು ಅಡಿ ಉದ್ದ, ಎಂಟು ಅಡಿ ಅಗಲದ ಸ್ಥಳ ಸಾಕು. ಬಿದಿರಿನ ಇಲ್ಲವೆ ಕಬ್ಬಿಣದ ಕಂಬ ನೆಟ್ಟು, ತಲೆಗೆ ತಾಗದಷ್ಟು ಎತ್ತರದಲ್ಲಿ ಅರ್ಧ ಬಿಸಿಲನ್ನು ತಡೆಯುವ ಹಸಿರು ಬಲೆಯನ್ನು ಕಟ್ಟಬೇಕು. ಬಲೆಯನ್ನು ಶಾಶ್ವತವಾಗಿ ಬಿಗಿಯದೆ ಸುತ್ತಿಡಲು ಬರುವಂತೆ ಕಟ್ಟುವುದು ಅಗತ್ಯ. ಆಷಾಢ, ಶ್ರಾವಣದ ಮೋಡದ ದಿನಗಳಲ್ಲಿ ಬಲೆ ತೆಗೆಯದಿದ್ದರೆ ಸಸಿಗಳು ಬೆಳಕಿಗಾಗಿ ನೀಳವಾಗಿ ಬೆಳೆದು ಸೊರಗುತ್ತವೆ. ಕಂಬ ನೆಟ್ಟ ದಿನಕ್ಕೆ ಕೆಲಸ ಮುಗಿಯಿತೆಂದುಕೊಂಡವರ ನೆರಳುಮನೆಗಳು ಎರಡನೆಯ ವರ್ಷಕ್ಕೆ ಹಳೆಯ ಸಾಮಾನುಗಳ ಕೋಣೆಯಾದುದನ್ನು ನಾವು ಬೇಕಾದಷ್ಟು ನೋಡಿದ್ದೇವೆ.

ಒಳಗೆ ಮೊದಲ ಸ್ಥಾನ ಸೊಪ್ಪುಗಳದೇ ಆಗಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಹಸಿಯಾಗಿಯೇ ರೊಟ್ಟಿಯೊಡನೆ ತಿನ್ನುವ ಮೆಂತ್ಯ, ಕೊತ್ತಂಬರಿಗಳ ಮೇಲೆ ಯಾವ ವಿಷ ಸಿಂಪಡಿಸಲಾಗಿದೆಯೆಂಬುದು ಕೊಳ್ಳುವವರಿಗೆ ತಿಳಿಯದು; ಗಿಡದೊಳಗೇ ಹೀರಲ್ಪಡುವ ವಿಷ ತೊಳೆದರೆ ಹೋಗುವುದೂ ಇಲ್ಲ. ಮೆಂತ್ಯ ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಹೇನಿನ ಕಾಟಕ್ಕೆ ಸಾಬೂನು ನೀರಿನಲ್ಲಿ ಬೆರೆಸಿದ ಬೇವಿನೆಣ್ಣೆ ಸಾಕು.

ಔಷಧಿ ಸಸ್ಯಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ತುಳಸಿ, ಲೋಳೆಸರಗಳಿಗೆ ಬಿಸಿಲೇ ಹಿತ, ಅವು ಹೊರಗಿರಲಿ. ನೆರಳು, ತೇವ ಬಯಸುವುದು ಒಂದೆಲಗ. ಬ್ರಾಹ್ಮಿ ಬೇಕೆಂದರೆ ಮಾರುವವರು ಹಲವೊಮ್ಮೆ ಇದನ್ನೇ ಕೊಡುತ್ತಾರೆ. ಒಂದೆಲಗ ಶಾಸ್ತ್ರದ ಮಂಡೂಕಪರ್ಣಿ, ಚರಕಾಚಾರ್ಯರು ಹೇಳಿದ ನಾಲ್ಕು ಮೇಧ್ಯ ರಸಾಯನಗಳಲ್ಲೊಂದು. ಇಂದು ಬ್ರಾಹ್ಮಿಯೆಂದು ಅಂಗೀಕೃತವಾಗಿರುವುದು ಸಣ್ಣ, ದಪ್ಪ ಎಲೆಗಳ ನೀರುಬ್ರಾಹ್ಮಿ. ಎರಡೂ ಒಳ್ಳೆಯವೇ, ಆದರೆ ಎರಡೂ ಒಂದೇ ಅಲ್ಲ. ಒಂದೆಲಗವನ್ನು ಮಲೆನಾಡಿನವರಂತೆ ಆಗಾಗ ತಂಬುಳಿ ಮಾಡಿ ಉಣ್ಣುವುದಕ್ಕೆ ನಮ್ಮ ಆಕ್ಷೇಪವಿಲ್ಲ. ಮೊಬೈಲಿನಲ್ಲಿ ಓದಿದ ಸಲಹೆ ನಂಬಿ ಅಮೃತಬಳ್ಳಿಯ ಕಷಾಯವನ್ನು ತಿಂಗಳುಗಟ್ಟಲೆ ಕುಡಿಯುವುದಕ್ಕೆ ಇದೆ. ಯಕೃತ್ತಿನ ತೊಂದರೆಯುಳ್ಳವರು, ಸಕ್ಕರೆ ಕಾಯಿಲೆಗೆ ಗುಳಿಗೆ ನುಂಗುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು. ಹಿತ್ತಲಿನಲ್ಲಿ ಬೆಳೆದದ್ದೆಂಬ ಮಾತ್ರಕ್ಕೆ ಮಾತ್ರೆ, ಪ್ರಮಾಣಗಳ ನಿಯಮ ಸಡಿಲವಾಗುವುದಿಲ್ಲ.

ಇನ್ನೊಂದು ಅಪಾಯ ಕುಂಡಗಳ ಕೆಳಗಿನ ತಟ್ಟೆಗಳಲ್ಲಿದೆ. ಡೆಂಗೀ ಹರಡುವ ಸೊಳ್ಳೆ ಇಂಥ ನಿಂತ ಶುದ್ಧ ನೀರಿನಲ್ಲಿಯೇ ಮೊಟ್ಟೆಯಿಡುತ್ತದೆ. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ, ಸೋಮವಾರವೆಂದೇ ಇಟ್ಟುಕೊಳ್ಳಿ, ಎಲ್ಲ ತಟ್ಟೆಗಳನ್ನೂ ಬರಿದು ಮಾಡಿ ಉಜ್ಜಿ ಒಣಗಿಸಬೇಕು. ಸಕ್ಕರೆ ಕಾಯಿಲೆಯವರು ಒದ್ದೆ ಮಣ್ಣಿನಲ್ಲಿ ಬರಿಗಾಲಿನಲ್ಲಿ ನಿಲ್ಲಕೂಡದು. ಪಾದದ ಸ್ಪರ್ಶಜ್ಞಾನ ಕುಂದಿದವರಿಗೆ ಮುಳ್ಳು ಚುಚ್ಚಿದ್ದೂ ತಿಳಿಯುವುದಿಲ್ಲ.

ಇಷ್ಟು ಎಚ್ಚರ ವಹಿಸಿದರೆ, ನಿವೃತ್ತರಾಗಿ ಮನೆಯಲ್ಲಿರುವ ಶರಣಬಂಧುಗಳಿಗೆ ಇದಕ್ಕಿಂತ ಮೇಲಾದ ಕಾಯಕ ನಮಗೆ ಕಾಣದು. ಬೆಳಗಿನ ಲಿಂಗಪೂಜೆಯ ಅನಂತರ ಅರ್ಧ ಗಂಟೆ ಬಾಗಿ, ಎದ್ದು, ನೀರು ಹೊತ್ತು ಮಾಡುವ ಕೆಲಸ ಕೀಲುಗಳನ್ನು ಸಡಿಲವಾಗಿಡುತ್ತದೆ, ಮಲಬದ್ಧತೆಯ ಎಷ್ಟೋ ದೂರುಗಳನ್ನು ತಾನೇ ತಗ್ಗಿಸುತ್ತದೆ. ಹೆಚ್ಚಾದ ಸಸಿಗಳು ನೆರೆಮನೆಗೆ ದಾಸೋಹವಾಗಿ ಹೋಗಲಿ.

ಮಾಘದೊಳಗೆ ಕಂಬ ನೆಟ್ಟರೆ ಶಿವರಾತ್ರಿ ಕಳೆದು ಬಿಸಿಲು ಏರುವ ಹೊತ್ತಿಗೆ ಬಲೆ ಸಿದ್ಧವಾಗಿರುತ್ತದೆ. ಮೊದಲಿಗೆ ಕೊತ್ತಂಬರಿ ಹಾಕಿರಿ; ಬೀಜವನ್ನು ಮೆಲ್ಲಗೆ ಉಜ್ಜಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಿದರೆ ಬೇಗ ಮೊಳೆಯುತ್ತದೆ.