ನಮ್ಮ ಬಾಗಿಲ ಪಟ್ಟಿಯನ್ನು ನಾವೇ ಬರೆಯೋಣ!



ಯಶವಂತಪುರದಿಂದ ಯಲಹಂಕದವರೆಗೆ ಇಂದು ಕಂಪ್ಯೂಟರ್ ಇಲ್ಲದ ಅಂಗಡಿ ಹುಡುಕಿದರೂ ಸಿಗುವುದು ಕಷ್ಟ. ನಮ್ಮಂಥ ಮುದ್ರಣಾಲಯಗಳಲ್ಲಂತೂ ಡಿ.ಟಿ.ಪಿ. ಕಂಪ್ಯೂಟರ್, ಪ್ಲೇಟ್ ತೆಗೆಯುವ ಯಂತ್ರ, ಡಿಜಿಟಲ್ ಪ್ರಿಂಟರ್, ಗೋಡೆಯ ಕ್ಯಾಮೆರಾ, ಗಿರಾಕಿಗೆ ಕೊಡುವ ವೈಫೈ ಎಲ್ಲವೂ ಸ್ವಿಚ್ ಎಂಬ ಒಂದೇ ಪೆಟ್ಟಿಗೆಗೆ ತಂತಿ ಕಟ್ಟಿಕೊಂಡು ಕೂತಿವೆ. ಎದೆ ಮುಟ್ಟಿಕೊಂಡು ಹೇಳಿ: ಆ ಪೆಟ್ಟಿಗೆಯಲ್ಲಿ ಯಾರು ಯಾರ ಬಳಿ ಹೋಗಬಹುದು, ಯಾರು ಹೋಗಬಾರದು ಎಂದು ತೀರ್ಮಾನಿಸಿದವರು ಯಾರು? ನೀವೇ? ಬಹುಪಾಲು ಕಡೆ ಯಾರೂ ಅಲ್ಲ!

"ನಮ್ಮಲ್ಲಿ ಕದಿಯಲು ಏನಿದೆ ಸ್ವಾಮಿ?" ಎನ್ನುವವರಿದ್ದಾರೆ. ಶಾಲೆಗಳ ಪ್ರಶ್ನೆಪತ್ರಿಕೆ ಇದೆ. ಅಂಕಪಟ್ಟಿ ಇದೆ. ಊರವರ ಹೆಸರು, ವಿಳಾಸ, ಫೋನ್ ನಂಬರ್ ಇದೆ. 2016ರ ಮಾರ್ಚ್‌ನಲ್ಲಿ ದ್ವಿತೀಯ ಪಿ.ಯು.ಸಿ. ರಸಾಯನಶಾಸ್ತ್ರದ ಪತ್ರಿಕೆ ಎರಡು ಸಲ ಸೋರಿದಾಗ ನಾಡಿನ ಮಕ್ಕಳು ಪಟ್ಟ ಪಾಡನ್ನು ಮರೆತಿರಾ? ಅದು ಸ್ವಿಚ್ಚಿನಿಂದ ಆದ ಸೋರಿಕೆಯಲ್ಲ. ಆದರೆ ಅಚ್ಚಾಗುವ ಗುಟ್ಟಿನ ಬೆಲೆ ಎಷ್ಟೆಂದು ಅದು ತೋರಿಸಿಕೊಟ್ಟಿತು.

ಈಗ ವಿಷಯಕ್ಕೆ ಬರೋಣ. ನೆಟ್‌ವರ್ಕಿನಲ್ಲಿ ಓಡಾಡುವ ಮಾಹಿತಿ ಚಿಕ್ಕ ಚಿಕ್ಕ ಲಕೋಟೆಗಳಾಗಿ ಹೋಗುತ್ತದೆ. ಇವಕ್ಕೆ ಪ್ಯಾಕೆಟ್ ಎನ್ನುತ್ತಾರೆ. ಪ್ರತಿ ಲಕೋಟೆಯ ಮೇಲೆ ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಆ ಯಂತ್ರದ ಯಾವ ಬಾಗಿಲಿಗೆ ಎಂದು ಬರೆದಿರುತ್ತದೆ. ಪ್ರಿಂಟರಿಗೆ ಸಾಮಾನ್ಯವಾಗಿ 9100ನೇ ಬಾಗಿಲು, ವಿಂಡೋಸ್ ಕಡತ ಹಂಚಿಕೆಗೆ 445ನೇ ಬಾಗಿಲು. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ ಎಂಬ ಪಿಡುಗು ಈ 445ರಿಂದಲೇ ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ಹಾರಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. 2018ರ ನವೆಂಬರ್‌ನಲ್ಲಿ ಒಬ್ಬ ಅನಾಮಿಕ, ತೆರೆದಿದ್ದ 9100ನೇ ಬಾಗಿಲಿನಿಂದ ಜಗತ್ತಿನ ಸುಮಾರು 50,000 ಪ್ರಿಂಟರುಗಳಲ್ಲಿ ತನ್ನ ಮೆಚ್ಚಿನ ಯೂಟ್ಯೂಬ್ ತಾರೆಯ ಪ್ರಚಾರಪತ್ರ ಅಚ್ಚು ಹಾಕಿಸಿದ್ದಾಗಿ ಹೇಳಿಕೊಂಡ. ಯಂತ್ರ ನಮ್ಮದು, ಕಾಗದ ನಮ್ಮದು, ಶಾಯಿ ನಮ್ಮದು, ಅಚ್ಚು ಯಾರದೋ!

ಇದನ್ನು ತಡೆಯಲು ಸ್ವಿಚ್ಚಿಗೆ ಒಂದು ಪಟ್ಟಿ ಕೊಡಬಹುದು. ಅದೇ ಆಕ್ಸೆಸ್ ಕಂಟ್ರೋಲ್ ಲಿಸ್ಟ್, ಎ.ಸಿ.ಎಲ್. ಗಿರಾಕಿ ವೈಫೈಯನ್ನು ಮೊದಲು ವಿ-ಲ್ಯಾನ್ ಎಂಬ ಪ್ರತ್ಯೇಕ ಕೋಣೆಯಲ್ಲಿಡಿ. ಆ ಕೋಣೆಯಿಂದ ಹೊರಡುವ ಲಕೋಟೆಗಳಿಗೆ ಮೂರೇ ಸಾಲು ಸಾಕು:

ಒಂದು, ವಿಳಾಸ ಕೇಳಲು ರೂಟರ್ ಬಳಿಗೆ: ಬಿಡು.
ಎರಡು, ನಮ್ಮ ಒಳಗಿನ ಯಾವ ಯಂತ್ರಕ್ಕೂ: ತಡೆ.
ಮೂರು, ಉಳಿದಂತೆ ಹೊರಗಿನ ಇಂಟರ್‌ನೆಟ್‌ಗೆ: ಬಿಡು.

ಸ್ವಿಚ್ ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ. ಮೊದಲು ಹೊಂದಿದ ಸಾಲೇ ತೀರ್ಪು. ಆಮೇಲಿನದನ್ನು ನೋಡುವುದೇ ಇಲ್ಲ. ಎರಡನೆಯದನ್ನೂ ಮೂರನೆಯದನ್ನೂ ಅದಲುಬದಲು ಮಾಡಿದಿರೋ, ಪಟ್ಟಿ ಇದ್ದೂ ಇಲ್ಲದಂತೆ. ಕೊನೆಯಲ್ಲಿ ಕಣ್ಣಿಗೆ ಕಾಣದ ಸಾಲೊಂದು ಇರುತ್ತದೆ: ಉಳಿದ ಎಲ್ಲವನ್ನೂ ತಡೆ! ಮೂರನೆಯ ಸಾಲು ಮರೆತರೆ ವೈಫೈಯೇ ನಿಂತುಹೋಗುತ್ತದೆ. ಬರೆದ ಪಟ್ಟಿಯನ್ನು ಪೆಟ್ಟಿಗೆಯಲ್ಲಿ ಉಳಿಸದಿದ್ದರೆ, ಒಮ್ಮೆ ಕರೆಂಟ್ ಹೋಗಿ ಬಂದರೆ ಸಾಕು, ಎಲ್ಲವೂ ಅಳಿಸಿಹೋಗಬಹುದು. ನಮ್ಮ ಬಡಾವಣೆಗಳ ಕರೆಂಟಿನ ಕಥೆ ನಿಮಗೆ ಹೇಳಬೇಕೇ?

ಪಟ್ಟಿ ಸರ್ವರೋಗಕ್ಕೂ ಮದ್ದಲ್ಲ. ಅದು ಲಕೋಟೆಯ ಮೇಲಿನ ವಿಳಾಸ ನೋಡುತ್ತದೆ, ಒಳಗಿನ ಕಾಗದ ಓದುವುದಿಲ್ಲ. ಒಂದೇ ಕೋಣೆಯ ಎರಡು ಯಂತ್ರಗಳ ನಡುವಿನ ಮಾತಿಗೆ, ಕೋಣೆಯ ಬಾಗಿಲಲ್ಲಿ ನಿಂತ ಈ ಕಾವಲು ಅಡ್ಡ ಬರುವುದೂ ಇಲ್ಲ. ಅಗ್ಗದ ಸಾದಾ ಸ್ವಿಚ್ಚಿಗೆ ಈ ಶಕ್ತಿಯೇ ಇಲ್ಲ, ಕೊಳ್ಳುವಾಗ ಎ.ಸಿ.ಎಲ್. ಇದೆಯೇ ಎಂದು ಕೇಳಿ ಕೊಳ್ಳಿ.

ಹೆಬ್ಬಾಳದ ಪಕ್ಕದ ಮಾನ್ಯತಾ ಟೆಕ್ ಪಾರ್ಕಿನ ದೊಡ್ಡ ಕಂಪನಿಗಳಲ್ಲಿ ಇದಕ್ಕೆಂದೇ ಸಂಬಳದ ಜನರಿದ್ದಾರೆ. ನಮಗೆ? ಯಾರೋ ಒಬ್ಬರು ಬರುತ್ತಾರೆ, ಇಂಗ್ಲಿಷಿನಲ್ಲಿ ನಾಲ್ಕು ಮಾತಾಡುತ್ತಾರೆ, ನಾವು ತಲೆಯಾಡಿಸುತ್ತೇವೆ. ಪಾಸ್‌ವರ್ಡ್ ಅವರ ಜೇಬಿಗೆ ಹೋಗುತ್ತದೆ, ಬಿಲ್ಲು ನಮ್ಮ ಕೈಗೆ ಬರುತ್ತದೆ. ನಮ್ಮ ಮನೆಗೆ ಬೀಗ ಹಾಕಿ ಕೀಲಿ ಪರರ ಕೈಗೆ ಕೊಡುವುದು ಯಾವ ಜಾಣತನ?

ಗಿರಾಕಿ ಪ್ರೂಫ್ ನೋಡಿ ರುಜು ಹಾಕದೆ ನಾವು ಅಚ್ಚಿಗೆ ಬಿಡುತ್ತೇವೆಯೇ? ಇಲ್ಲ. ಹಾಗಾದರೆ ಈ ಪಟ್ಟಿಗೇಕೆ ನಮ್ಮ ರುಜು ಬೇಡ? ಸ್ವಿಚ್ ಇಂಗ್ಲಿಷ್ ಆದೇಶವನ್ನೇ ಬೇಡಲಿ, ಚಿಂತೆಯಿಲ್ಲ. ತೀರ್ಮಾನ ಮಾತ್ರ ನಮ್ಮದಾಗಲಿ, ನಮ್ಮ ನುಡಿಯಲ್ಲಾಗಲಿ. ಯಾರನ್ನು ಬಿಡಬೇಕು, ಯಾರನ್ನು ತಡೆಯಬೇಕು ಎಂದು ಮೊದಲು ಅಂಗಡಿಯ ಲೆಕ್ಕದ ಪುಸ್ತಕದಲ್ಲಿ ಅಚ್ಚಗನ್ನಡದಲ್ಲಿ ಬರೆಯಿರಿ. ಟೈಪ್ ಮಾಡಲು ಬಂದವರಿಂದ ಪ್ರತಿ ಸಾಲಿಗೂ ಕನ್ನಡದಲ್ಲೇ ಅರ್ಥ ಹೇಳಿಸಿಕೊಳ್ಳಿ. ಗಿರಾಕಿ ವೈಫೈಯಿಂದ ಪ್ರಿಂಟರಿಗೆ ಹೋಗಲು ಆಗುತ್ತದೆಯೇ ಎಂದು ಅವರ ಮುಂದೆಯೇ ಪರೀಕ್ಷಿಸಿ. ಪಾಸ್‌ವರ್ಡ್ ಪಡೆದು ಬೀರುವಿನಲ್ಲಿಡಿ. ಆಮೇಲೆ ಹಣ ಕೊಡಿ!

ಈ ವಿದ್ಯೆ ಬಲ್ಲ ಕನ್ನಡದ ಹುಡುಗ ಹುಡುಗಿಯರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಅವರಿಗೂ ಒಂದು ಮಾತು: ನಿಮ್ಮ ಬೀದಿಯ ಅಂಗಡಿಯವನಿಗೆ ಒಂದು ಸಂಜೆ ಇದನ್ನು ಕನ್ನಡದಲ್ಲಿ ತಿಳಿಸಿಕೊಡಿ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಪಾಲಿಗೆ ನಿಜವಾಗುವುದು ಬೇಡ. ಇಂದೇ ಲೆಕ್ಕದ ಪುಸ್ತಕ ತೆರೆಯಿರಿ, ಮೊದಲ ಸಾಲು ಬರೆಯಿರಿ!