ವಿಷ ಸುರಿದವರು ದಾನಿಗಳಾಗುವುದು ಬೇಡ

ಕೊಯ್ಲ, ಆಲಂಕಾರು, ಕೊಕ್ಕಡದ ಎಂಡೋಸಲ್ಫಾನ್ ಪೀಡಿತರ ಬಗ್ಗೆ ಮಾತು ಬಂದಾಗಲೆಲ್ಲ ನಮ್ಮ ಊರುಗಳಲ್ಲಿ ಮೊದಲು ಕೇಳುವ ಪದ ‘ಸಹಾಯ’. ಯಾರೋ ಅಕ್ಕಿ ಕೊಟ್ಟರು, ಇನ್ಯಾರೋ ಗಾಲಿಕುರ್ಚಿ ಕೊಟ್ಟರು, ಮರುದಿನ ಪೇಪರಿನಲ್ಲಿ ಫೋಟೋ ಬಂತು. ಆ ಪೀಡಿತರಿಗೆ ಸಲ್ಲಬೇಕಾದದ್ದು ಸಹಾಯವಲ್ಲ, ಪರಿಹಾರ. ಈ ವ್ಯತ್ಯಾಸವನ್ನು ಮಸುಕಾಗಿಸಿದ್ದರಲ್ಲಿ ಸೇವಾ ಸಂಸ್ಥೆಗಳಿಗೂ ಪಾಲಿದೆ ಎಂಬುದು ನನ್ನ ತಕರಾರು.

ಗೇರು ಹೂವಿಗೆ ಮುತ್ತುವ ಟೀ ಸೊಳ್ಳೆಯನ್ನು ಕೊಲ್ಲಲೆಂದು ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ವಿಷ ಸಿಂಪಡಿಸಿದ್ದು ಯಾವುದೋ ಖಾಸಗಿ ಕಂಪೆನಿಯಲ್ಲ. ಈ ಕಡೆ ಸರಕಾರದ್ದೇ ಆದ ಕರ್ನಾಟಕ ಗೇರು ಅಭಿವೃದ್ಧಿ ನಿಗಮ, ಗಡಿಯಾಚೆ ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್. ಗುಡ್ಡದ ಬುಡದಲ್ಲಿ ಮನೆಗಳಿದ್ದವು, ಕುಡಿಯುವ ನೀರಿನ ಬಾವಿಗಳಿದ್ದವು, ತೋಡುಗಳಿದ್ದವು. ಗುಡ್ಡಗಾಡಿನಲ್ಲಿ ಮೇಲಿಂದ ಸುರಿದದ್ದು ಗೇರುಮರದ ಮೇಲಷ್ಟೇ ನಿಲ್ಲುವುದಿಲ್ಲ ಎಂದು ತಿಳಿಯಲು ವಿಜ್ಞಾನಿಯೇ ಆಗಬೇಕಿರಲಿಲ್ಲ. ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಮೂಲಕ ನಾವೆಲ್ಲ ಬಲ್ಲ ಶ್ರೀ ಪಡ್ರೆಯವರು ಗಡಿಯಾಚೆಯ ಎಣ್ಮಕಜೆಯ ಪಡ್ರೆಯಲ್ಲಿ ಹುಟ್ಟಿದ ಅಂಗವಿಕಲ ಕರುಗಳನ್ನು ಕಂಡು 1980ರ ದಶಕದ ಆರಂಭದಲ್ಲೇ ಬರೆದಿದ್ದರು. ಅಲ್ಲಿಯೇ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ರೋಗಿಗಳ ವಿವರ ಮುಂದಿಟ್ಟು ಎಚ್ಚರಿಸಿದರು. ಆದರೂ ಸುಪ್ರೀಂ ಕೋರ್ಟ್ ದೇಶದಾದ್ಯಂತ ಈ ವಿಷವನ್ನು ತಡೆದದ್ದು 2011ರ ಮೇ 13ಕ್ಕೆ.

ಆ ನಡುವಿನ ವರ್ಷಗಳಲ್ಲಿ ಪೀಡಿತರ ಮನೆಬಾಗಿಲಿಗೆ ಹೋದವರು ಸೇವಾ ಕಾರ್ಯಕರ್ತರು, ಹೋರಾಟಗಾರರು, ಪತ್ರಕರ್ತರು. ಇದನ್ನು ಮರೆತರೆ ಕೃತಘ್ನತೆಯಾದೀತು. ಕೊಯ್ಲ, ಕೊಕ್ಕಡದ ಪಾಲನಾ ಕೇಂದ್ರಗಳಿಂದ ಆದ ಉಪಕಾರವೂ ಸಣ್ಣದಲ್ಲ. ಹಾಸಿಗೆಯಿಂದ ಏಳಲಾಗದ ಮಗನನ್ನು ಹಗಲಿಡೀ ಕಾಯುವ ತಾಯಿಗೆ ಬೀಡಿ ಕಟ್ಟಲೋ ಕೂಲಿಗೋ ಹೋಗಲು ನಾಲ್ಕು ಗಂಟೆ ಸಿಗುವುದು ಎಂದರೇನು ಎಂಬುದು ಆ ಮನೆಯವರಿಗೇ ಗೊತ್ತು. ಫಿಸಿಯೋಥೆರಪಿ ಎಂಬುದು ಇದೆ ಎಂದು ಹಲವು ಹೆತ್ತವರು ತಿಳಿದದ್ದೇ ಅಲ್ಲಿ.

ಆದರೆ ಸಂಜೆಗೆ ಕೇಂದ್ರ ಮುಚ್ಚುತ್ತದೆ. ಆಗ ಎಳೆಯರಾಗಿದ್ದವರು ಈಗ ಮೂವತ್ತು, ನಲ್ವತ್ತು ದಾಟಿದ್ದಾರೆ, ಅವರನ್ನು ಎತ್ತಿ ಸ್ನಾನ ಮಾಡಿಸುವ ಅಮ್ಮಂದಿರಿಗೆ ಬೆನ್ನು ಬಗ್ಗಿದೆ. ‘ನಾನು ಹೋದ ಮೇಲೆ ಇವನನ್ನು ಯಾರು ನೋಡುತ್ತಾರೆ?’ ಎಂಬ ಪ್ರಶ್ನೆಗೆ ದಾನವಾಗಿ ಹಂಚುವ ಯಾವ ಕಿಟ್‌ನಲ್ಲೂ ಉತ್ತರವಿಲ್ಲ. ಸೇವಾ ಸಂಸ್ಥೆ ಎಷ್ಟೇ ಪ್ರಾಮಾಣಿಕವಾಗಿರಲಿ, ಅದು ದೇಣಿಗೆ ಮತ್ತು ಒಪ್ಪಂದದ ಮೇಲೆ ನಿಂತಿರುತ್ತದೆ. ಒಪ್ಪಂದ ಮುಗಿದೀತು, ದಾನಿಯ ಮನಸ್ಸು ಬೇರೆ ಕಡೆ ಹರಿದೀತು. ಪಡೆದವರಿಗೆ ಕೈ ಮುಗಿಯುವುದೊಂದೇ ದಾರಿ, ‘ಯಾಕೆ ನಿಲ್ಲಿಸಿದಿರಿ’ ಎಂದು ಕೇಳುವ ಹಕ್ಕಿಲ್ಲ. ಹೀಗೆ ಕೈ ಮುಗಿಸಿ ಮುಗಿಸಿ ನಾವು ಅವರ ಬಾಯಿ ಕಟ್ಟಿದ್ದೇವೆ. ಸರಕಾರಕ್ಕೂ ಇದೇ ಅನುಕೂಲವಾಗಿದೆ. ಮಾಸಾಶನಕ್ಕಾಗಿ, ಪಾಲನಾ ಕೇಂದ್ರಕ್ಕಾಗಿ ಹೈಕೋರ್ಟ್ ಚಾಟಿ ಬೀಸಬೇಕಾಯಿತು. ಕೋರ್ಟಿನ ಆದೇಶದಿಂದ ಬಂದ ಹಣವನ್ನೂ ವೇದಿಕೆ ಹಾಕಿ, ಹಾರ ತುರಾಯಿಯ ನಡುವೆ ಹಂಚುವುದು ಪೀಡಿತರಿಗೆ ಮಾಡುವ ಎರಡನೇ ಅನ್ಯಾಯ.

ಈ ಕಡೆಯ ಪಾಣಾಜೆಯ ಆರ್ಲಪದವು ದಾಟಿದರೆ ಕೇರಳದ ಎಣ್ಮಕಜೆಯ ಸ್ವರ್ಗ ಎಂಬ ಊರು. ಗುಡ್ಡ ಒಂದೇ, ಗಾಳಿ ಒಂದೇ. ಆಚೆಯ ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೇರಳವೂ ಎಳೆದಾಡಿತು. 2022ರಲ್ಲಿ ಕೋರ್ಟ್ ನೋಡಿದಾಗ 3,704 ಮಂದಿಯಲ್ಲಿ ಹಣ ಮುಟ್ಟಿದ್ದು ಎಂಟು ಜನರಿಗೆ. ಆದರೂ ಅಲ್ಲಿ ಅದು ಕೇಳಿ ಪಡೆಯಬಹುದಾದ ಹಕ್ಕು. ಈಚೆಯವರಿಗೆ ಗಡಿಕಲ್ಲು ತೋರಿಸಿ ಮಾಸಾಶನದಲ್ಲೇ ತೃಪ್ತರಾಗಿ ಎನ್ನುವುದು ಯಾವ ನ್ಯಾಯ?

ಪುತ್ತೂರು, ಸುಳ್ಯ, ಕಡಬದ ಸೇವಾ ಸಂಸ್ಥೆಗಳು ತಮ್ಮ ಕೆಲಸ ನಿಲ್ಲಿಸಲಿ ಎಂದು ನಾನು ಹೇಳುತ್ತಿಲ್ಲ. ಮುಂದಿನ ಕಿಟ್ ಹಂಚುವ ಮೊದಲು ಅವೆಲ್ಲ ಒಟ್ಟಾಗಿ ಒಂದು ಮನವಿಗೆ ಸಹಿ ಹಾಕಲಿ: ರಾತ್ರಿಯೂ ತೆರೆದಿರುವ, ಕಾಯಂ ಸಿಬ್ಬಂದಿಯ ಸರಕಾರಿ ವಸತಿ ಕೇಂದ್ರ ಬೇಕು, ಕೇರಳಕ್ಕೆ ಹೇಳಿದಷ್ಟೇ ಪರಿಹಾರ ಇಲ್ಲಿಯೂ ಬೇಕು, ಅದರ ಖರ್ಚು ಗೇರು ಅಭಿವೃದ್ಧಿ ನಿಗಮದ ಲೆಕ್ಕದಲ್ಲೇ ಬೀಳಬೇಕು.