ಗೆಲ್ಲುವವನಿಗೇ ಕೃಪಾಂಕ!

ಗಣಕಯಂತ್ರದ ಗುಂಡಿನಾಟಗಳಲ್ಲಿ ಅದೃಷ್ಟಕ್ಕೂ ಒಂದಿಷ್ಟು ಪಾಲಿರಲಿ, ಇಲ್ಲವಾದರೆ ಹೊಸಬರು ಎದೆಗುಂದುತ್ತಾರೆ ಎಂದು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ವಾದಿಸುತ್ತಾರೆ. ಈ ವಾದವನ್ನು ನಾನು ಒಪ್ಪಲಾರೆ.

2007ರಲ್ಲಿ ಬಂದ ‘ಟೀಮ್ ಫೋರ್ಟ್ರೆಸ್ 2’ ಆಟವನ್ನೇ ನೋಡಿ. ಅಲ್ಲಿ ಒಮ್ಮೊಮ್ಮೆ, ಗುರಿಯ ನೈಪುಣ್ಯಕ್ಕೆ ಸಂಬಂಧವೇ ಇಲ್ಲದೆ, ಒಂದು ಗುಂಡು ಮೂರು ಪಟ್ಟು ಹಾನಿ ಮಾಡುತ್ತದೆ. ಆಡುವವರು ಇದನ್ನು ‘ಕ್ರಿಟ್’ ಎನ್ನುತ್ತಾರೆ. ಬಹುತೇಕ ಬಂದೂಕುಗಳಿಗೆ ಇದರ ಸಂಭವ ಶೇ. 2. ಆದರೆ ಕಳೆದ 20 ಸೆಕೆಂಡುಗಳಲ್ಲಿ ಎದುರಾಳಿಗಳನ್ನು ಹೆಚ್ಚು ಘಾಸಿಗೊಳಿಸಿದವನಿಗೆ ಅದು ಶೇ. 12ರವರೆಗೆ ಏರುತ್ತದೆ! ಹಿಂದುಳಿದವನಿಗೆ ಆಸರೆಯಾಗುವ ಬಗೆಯೇ ಇದು? ತರಗತಿಗೆ ಮೊದಲಿಗನಾದವನಿಗೇ ಕೃಪಾಂಕ ಕೊಟ್ಟಂತಾಯಿತು. ನಮ್ಮ ಚೌಕಾಬಾರದ ಕವಡೆಗಾದರೂ ಯಾರು ಮುಂದಿದ್ದಾರೆಂಬುದು ತಿಳಿಯದು. ಪಂದ್ಯಾವಳಿಗಳಲ್ಲಿ ಈ ನಿಯಮವನ್ನು ತೆಗೆದುಹಾಕಿಯೇ ಆಡಿಸುವುದು ರೂಢಿ. ಬಲ್ಲವರ ತೀರ್ಪು ಏನೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

‘ಕೌಂಟರ್-ಸ್ಟ್ರೈಕ್’ನಲ್ಲಿ ‘ಎ.ಡಬ್ಲ್ಯೂ.ಪಿ.’ ಎಂಬ ಬಂದೂಕಿನ ಒಂದೇ ಗುಂಡು ಎದೆಗೆ ತಗುಲಿದರೆ ಸಾವು. ಅಷ್ಟು ಬಲಕ್ಕೆ ಆಟದ ಹಣದಲ್ಲಿ 4,750 ಡಾಲರ್ ತೆರಬೇಕು. ಸತ್ತರೆ ಬಂದೂಕೂ ಕೈಬಿಟ್ಟಂತೆ. ಸಾಲದೆಂದು 2022ರ ನವೆಂಬರಿನಲ್ಲಿ ಅದರ ಮ್ಯಾಗಜೀನಿನ ಗುಂಡುಗಳನ್ನು 10ರಿಂದ 5ಕ್ಕೆ ಇಳಿಸಿದರು. ಆಯುಧಗಳನ್ನು ಸರಿದೂಗಿಸಬೇಕಾದದ್ದು ಹೀಗೆ, ಎಲ್ಲರಿಗೂ ಕಾಣುವ ತಕ್ಕಡಿಯಲ್ಲಿ. ‘ಎ.ಕೆ. 47’ ಎಡೆಬಿಡದೆ ಸಿಡಿಯುವಾಗ ಗುಂಡುಗಳು ಮೇಲಕ್ಕೂ ಪಕ್ಕಕ್ಕೂ ಸರಿಯುವ ಜಾಡು ಬಹುಮಟ್ಟಿಗೆ ನಿಗದಿತ. ಗೋಡೆಗೆ ಹೊಡೆದು ಹೊಡೆದು ಹೊಸಬನೂ ಅದನ್ನು ಕೈವಶ ಮಾಡಿಕೊಳ್ಳಬಲ್ಲ. ಕ್ರಿಟ್ಟನ್ನು ಯಾವ ಗೋಡೆಯ ಮುಂದೆ ನಿಂತು ಅಭ್ಯಾಸ ಮಾಡುವುದು?